ಕಾಂಪೌಂಡರ ಗುಂಡುಸೂಜಿ

ಯುದ್ಧದ ವರ್ಷಗಳು. ಬರಿಗಾಲಲ್ಲಿ ಫುಟ್‌ಬಾಲ್ ಆಡಲೆಂದೇ ಮಿಲ್ಲಿನವರು ನಮಗೆ ಸಂಬಳ ಕೊಡುತ್ತಿದ್ದರು. ಯಾರ ಕಾಲು ಉಳುಕಿದರೂ ಮಿಲ್ಲಿನ ಕಾಂಪೌಂಡರು ನೋವು ತಿಳಿಯದ ಹಾಗೆ ಇಂಜೆಕ್ಷನ್ ಕೊಟ್ಟು, ಪಾದಕ್ಕೆ ಗುಂಡುಸೂಜಿ ಚುಚ್ಚಿ, ಮುಖ ನೋಡದೆ ಕೇಳುತ್ತಿದ್ದರು: “ಗೊತ್ತಾಯ್ತಾ?” ಇಲ್ಲವೆಂದರೆ, “ಹಂಗಾದ್ರೆ ಹೋಗಿ ಆಡಪ್ಪಾ.” ಗೊತ್ತಾಯ್ತು ಅಂದವನಿಗೆ ಆ ದಿನ ಆಟವಿಲ್ಲ.

ದೊಡ್ಡಬಳ್ಳಾಪುರದ ಫೈನಲ್‌ನಲ್ಲಿ ಅರ್ಧ ಆಟಕ್ಕೇ ನನ್ನ ಕಣಕಾಲು ಊದಿಕೊಂಡಿತು. ಮಿಲ್ಲಿನ ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. ಕಾಂಪೌಂಡರು ಇಂಜೆಕ್ಷನ್ ಕೊಟ್ಟು ಮೂರು ಸಲ ಸೂಜಿ ಚುಚ್ಚಿದರು. ಅಂದು ಮೊದಲ ಸಲ ನನ್ನ ಮುಖ ನೋಡಿದರು.

“ಗೊತ್ತಾಯ್ತು ಅನ್ನಪ್ಪಾ,” ಎಂದು ಪಿಸುಗುಟ್ಟಿದರು.

“ಇಲ್ಲ ಸಾರ್!” ಎಂದು ಕೂಗಿ ಓಡಿದೆ.

ಗೆದ್ದೆವು. ಜನ ಹೆಗಲ ಮೇಲೆ ಹೊತ್ತಾಗ ತಿರುಗಿ ನೋಡಿದೆ. ಮೈದಾನದ ಮಣ್ಣಿನಲ್ಲಿ ರಕ್ತದ ಹೆಜ್ಜೆಗಳು. ಕಾಂಪೌಂಡರು ತಲೆ ತಗ್ಗಿಸಿ, ಒಂದೊಂದನ್ನೇ ಚಪ್ಪಲಿಯಿಂದ ಅಳಿಸುತ್ತ ಬರುತ್ತಿದ್ದರು. ಯಾರ ಕಾಲಿಗೆ ಪೆಟ್ಟಾಗಿದೆಯೋ ಎಂದುಕೊಂಡೆ.