ಗ್ಯಾರೇಜಿನ ಥರ್ಮೋಸ್ಟಾಟ್, ನನ್ನ ಬುಧವಾರ

ನಿವೃತ್ತರಾದ ಮೇಲೆ ನನ್ನ ಗಂಡ ಮಾಡಿದ ಮೊದಲ ಕೆಲಸವೆಂದರೆ ಕಾರನ್ನು ಗ್ಯಾರೇಜಿನಿಂದ ಹೊರಗೆ ಹಾಕಿದ್ದು. ವುಲ್ವರ್‌ಹ್ಯಾಂಪ್ಟನ್‌ನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾಗಿದ್ದವರು. ಜನರನ್ನು ಮಲಗಿಸಿದ್ದೂ ಎಬ್ಬಿಸಿದ್ದೂ ಸಾಕು, ಇನ್ನು ಎಬ್ಬಿಸುವ ಹೊಣೆಯಿಲ್ಲದ ವಸ್ತುಗಳ ಜೊತೆ ಇರುತ್ತೇನೆ ಎಂದು ಮರಗೆಲಸಕ್ಕೆ ಇಳಿದರು. ಕಾರು ಬೀದಿಯಲ್ಲಿ ಮಳೆಗೆ ನೆನೆಯತೊಡಗಿತು. ಗ್ಯಾರೇಜಿಗೆ ಉದ್ದನೆಯ ಬೆಂಚು, ಉಳಿ, ಗರಗಸ, ಮರ ಹೆರೆದು ನಯಗೊಳಿಸುವ ತೋಪಡಗಳು ಬಂದವು.

ಇಂಗ್ಲೆಂಡಿನ ಗ್ಯಾರೇಜು ಮನುಷ್ಯರಿಗೆಂದು ಕಟ್ಟಿದ್ದಲ್ಲ ಎನ್ನುವುದು ಮೊದಲ ಚಳಿಗಾಲಕ್ಕೇ ತಿಳಿಯಿತು. ತೆಳು ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ನೆಲ. ಗೋಡೆಗೆ ಎರಡು ಎಲೆಕ್ಟ್ರಿಕ್ ಹೀಟರ್ ಹಾಕಿಸಿದೆವು. ಅವೆರಡಕ್ಕೂ ಸೇರಿ ಬಾಗಿಲ ಪಕ್ಕದಲ್ಲಿ ತಿರುಗಿಸುವ ಒಂದು ಗುಂಡಿ. ಆಪರೇಷನ್ ಥಿಯೇಟರ್‌ನಲ್ಲಿ ಮಾನಿಟರಿನ ಮೇಲಿಂದ ಕಣ್ಣು ಕೀಳದಿದ್ದ ಈ ಮನುಷ್ಯ, ಮನೆಯಲ್ಲಿ ಒಂದು ದೀಪವನ್ನೂ ನೆನಪಿಟ್ಟು ಆರಿಸಿದವರಲ್ಲ. ಊಟಕ್ಕೆ ಕರೆದರೆ ಹೀಟರ್ ಉರಿಯುತ್ತಿದ್ದಂತೆಯೇ ಎದ್ದು ಬರುವರು. ಸಂಜೆ ನಾನು ಗಿಡಗಳಿಗೆ ಚಳಿಯಾಗದಂತೆ ಹೊದಿಸಲು ಹಿತ್ತಿಲಿಗೆ ಹೋದರೆ, ಯಾರೂ ಇಲ್ಲದ ಗ್ಯಾರೇಜು ಮೈಸೂರಿನ ಏಪ್ರಿಲ್‌ನಂತೆ ಬೆಚ್ಚಗಿರುತ್ತಿತ್ತು.

ಕರೆಂಟ್ ಬಿಲ್ ಬಂದ ದಿನ ನಾನು ಅದನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ.

"ಮರಕ್ಕೆ ಶೀತ ಆಗಬಾರದು ಕಣೇ," ಎಂದರು.

"ಮರಕ್ಕೆ ಶೀತ ಆದ್ರೆ ಪ್ಯಾರಾಸಿಟಮಾಲ್ ಕೊಡೋಣ. ಮೊದಲು ಇದಕ್ಕೊಂದು ದಾರಿ ನೋಡಿ."

ಭಾನುವಾರ ಮಗಳು ವೀಡಿಯೊ ಕಾಲ್ ಮಾಡಿದಳು. ಲೀಡ್ಸ್‌ನಲ್ಲಿ ಕೆಲಸ, ಹೆಡಿಂಗ್ಲೀಯಲ್ಲಿ ಮನೆ. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. "ಅಮ್ಮಾ, ಜಸ್ಟ್ ಗೆಟ್ ಎ ಸ್ಮಾರ್ಟ್ ಒನ್. ಅಪ್ಪ ಕ್ಯಾನ್ ಡೂ ಇಟ್ ಆನ್ ಹಿಸ್ ಫೋನ್," ಎಂದಳು.

"ಮೂವತ್ತು ವರ್ಷ ಆನ್‌ಕಾಲ್ ಫೋನನ್ನ ದಿಂಬಿನ ಪಕ್ಕ ಇಟ್ಕೊಂಡು ಮಲಗಿದೀನಿ," ಎಂದರು ಇವರು. "ಇನ್ನು ಹೀಟರ್ ಬೇರೆ ನಂಗೆ ಫೋನ್ ಮಾಡೋದು ಬೇಡಮ್ಮ."

ವೈಫೈ ಗ್ಯಾರೇಜಿನವರೆಗೆ ಸರಿಯಾಗಿ ಬರುತ್ತಲೂ ಇರಲಿಲ್ಲ. ಹಾಗಾಗಿ ಫೋನಿನ ಮಾತು ಅಲ್ಲಿಗೇ ನಿಂತಿತು. ಹೊತ್ತು ಗೊತ್ತುಮಾಡಿ ಇಟ್ಟರೆ ತಾನೇ ಬೆಚ್ಚಗೆ ಮಾಡಿ ತಾನೇ ಆರಿಕೊಳ್ಳುವ ಸಾದಾ ಥರ್ಮೋಸ್ಟಾಟ್ ಸಾಕೆಂದು ಅಂಗಡಿಗೆ ಹೋದೆವು. ಅಲ್ಲಿ ಎರಡು ಬಗೆ. ಒಂದರಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಒಂದೇ ವೇಳೆ, ಶನಿವಾರ ಭಾನುವಾರಕ್ಕೆ ಇನ್ನೊಂದು. ಮತ್ತೊಂದರಲ್ಲಿ ಏಳು ದಿನಕ್ಕೂ ಬೇರೆ ಬೇರೆ ವೇಳೆ. ಇವರು ಮೊದಲನೆಯದನ್ನು ಎತ್ತಿಕೊಂಡರು.

"ನಮ್ಮ ಯಾವ ಎರಡು ದಿನ ಒಂದೇ ಥರ ಇರುತ್ತೆ?" ಎಂದೆ. ಮಂಗಳವಾರ ಇವರು ಎಜ್‌ಬಾಸ್ಟನ್‌ಗೆ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಹೋಗುತ್ತಾರೆ, ಗುರುವಾರ ಈಜು. ಇವರು ಆ ಪೆಟ್ಟಿಗೆಯನ್ನು ಕೆಳಗಿಟ್ಟು ಏಳು ದಿನದ್ದನ್ನು ತೆಗೆದುಕೊಂಡರು. ಎರಡು ಹೀಟರಿನ ಭಾರವನ್ನೂ ಅದು ತಾಳುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಂಡೆವು. ಮರುದಿನವೇ ಎಲೆಕ್ಟ್ರಿಷಿಯನ್ ಬಂದು ಕೂರಿಸಿ ಹೋದ.

ಇನ್ನು ಅದಕ್ಕೆ ನಮ್ಮ ಹೊತ್ತುಗಳನ್ನು ಹೇಳಬೇಕು. ಗುಂಡಿಗಳಿರುವ ಅದರ ಮುಂಭಾಗ ಗೋಡೆಯಿಂದ ಕಳಚಿ ಬರುತ್ತಿತ್ತು; ಅದನ್ನು ಹಿಡಿದುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕುಳಿತೆವು. ಇವರು ಕನ್ನಡಕ ಏರಿಸಿದರು.

"ಸೋಮವಾರ, ಬೆಳಗ್ಗೆ ಒಂಬತ್ತರಿಂದ."

"ಒಂಬತ್ತಕ್ಕೆ ನೀವು ಯಾವತ್ತು ಹೋಗಿದೀರಿ? ಪೇಪರ್ ಮುಗಿಯೋದೇ ಹನ್ನೊಂದಕ್ಕೆ."

"ಸರಿ, ಹನ್ನೊಂದು ಅನ್ನು."

ಸೋಮವಾರ ಆಯಿತು, ಮಂಗಳವಾರ ಆಯಿತು. ಬುಧವಾರಕ್ಕೆ ಬಂದಾಗ ಇವರು ತಲೆಯೆತ್ತಿ, "ನಿನಗೆ ಯಾವ ಹೊತ್ತು ಬೇಕು?" ಎಂದರು.

ಪ್ರಶ್ನೆ ನನಗೆ ಅರ್ಥವಾಗಲಿಲ್ಲ. "ನನಗೇನು? ನಾನು ಕಾಫಿ ಕೊಡಕ್ಕೆ ಬರ್ತೀನಿ, ಅಷ್ಟೇ."

"ಅಟ್ಟದ ಮೇಲೆ ಎರಡು ಕುರ್ಚಿ ಇದೆಯಲ್ಲ. ಅದರ ಕತೆ ಏನು?"

ಆ ಕುರ್ಚಿಗಳನ್ನು ಅವರು ಗಮನಿಸಿದ್ದಾರೆಂದೇ ನಾನು ತಿಳಿದಿರಲಿಲ್ಲ. ಯಾವಾಗಲೋ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಕೊಂಡಿದ್ದೆ. ಚೌಕಟ್ಟು ಗಟ್ಟಿ, ಕೂರುವ ಜಾಗದ ಬೆತ್ತ ಮಾತ್ರ ಹರಿದುಹೋಗಿತ್ತು. ಮೈಸೂರಿನ ನಮ್ಮ ಮನೆಗೆ ಬೆತ್ತ ಹೆಣೆಯುವವರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ನೋಡುತ್ತ ನಿಲ್ಲುತ್ತಿದ್ದೆ. ಎಂದಾದರೂ ನಾನೂ ಹೆಣೆಯಬೇಕೆಂಬ ಆಸೆ ಹಾಗೆಯೇ ಉಳಿದಿತ್ತು. ಆದರೆ ಆ ವರ್ಷಗಳಲ್ಲಿ ನಾನು ಜಿಪಿ, ಬಡಾವಣೆಯ ಕುಟುಂಬ ವೈದ್ಯೆ. ಫ್ರಿಜ್ಜಿನ ಮೇಲೆ ನನ್ನ ಕ್ಲಿನಿಕ್ಕಿನ ರೋಟಾ ಎಂಬ ಪಾಳಿಪಟ್ಟಿ, ಅದರ ಪಕ್ಕ ಇವರ ಆಸ್ಪತ್ರೆಯ ರೋಟಾ. ಎರಡರಲ್ಲೂ ಖಾಲಿ ಉಳಿದ ಚೌಕಗಳಲ್ಲಿ ಮಗಳು, ಅಡುಗೆ, ಮೈಸೂರಿಗೆ ಫೋನು. ನನಗೆಂದೇ ಒಂದು ಚೌಕವಿರಲಿಲ್ಲ. ಇಲ್ಲವಲ್ಲ ಎಂದು ಕೊರಗಿದ್ದೂ ಇಲ್ಲ, ಹೊಳೆಯಲೇ ಇಲ್ಲ ಅಷ್ಟೆ.

"ಬುಧವಾರ," ಎಂದೆ. "ಮಧ್ಯಾಹ್ನ ಊಟ ಆದಮೇಲೆ. ಬೆಳಕು ಹೋಗೋ ತನಕ."

"ಎಷ್ಟು ಡಿಗ್ರಿ?"

"ನಿಮಗಿಂತ ಎರಡು ಜಾಸ್ತಿ."

ಅವರು ನಗದೆ ಗಂಭೀರವಾಗಿ ಗುಂಡಿ ಒತ್ತಿದರು.

ಮೊದಲ ವಾರ ಎಲ್ಲವೂ ಸರಿಹೋಯಿತೆಂದಲ್ಲ. ಹನ್ನೊಂದಕ್ಕೆ ಹೀಟರ್ ಹೊತ್ತಿಕೊಳ್ಳುವುದು ನಿಜ, ಆದರೆ ಆ ಗೋಡೆಗಳು ಬಿಸಿಯೇರುವಷ್ಟರಲ್ಲಿ ಊಟದ ವೇಳೆಯೇ ಆಗುತ್ತಿತ್ತು. ಕೋಟು ತೊಟ್ಟು, ಟೊಪ್ಪಿ ಹಾಕಿಕೊಂಡು ತೋಪಡ ಹಿಡಿದ ಗಂಡನನ್ನು ಕಂಡು ವೇಳೆಯನ್ನು ಒಂದು ತಾಸು ಹಿಂದಕ್ಕೆ, ಹತ್ತಕ್ಕೆ, ಸರಿಸಿದೆವು. ಆಮೇಲೆ ಒಂದು ಸಂಜೆ ಇವರು ತಾವು ಮಾಡುತ್ತಿದ್ದ ಸ್ಟೂಲಿನ ಕಾಲುಗಳನ್ನು ಅಂಟಿಸಿ ಒಳಗೆ ಬಂದರು. ಥರ್ಮೋಸ್ಟಾಟ್ ಹೇಳಿದಂತೆ ಆರಿಕೊಂಡಿತು. ಮರುದಿನ ನಾನು ಅದರ ಮೇಲೆ ಕೂತೆ. ಒಂದು ಕಾಲು ಮೆಲ್ಲಗೆ ಕಳಚಿತು, ನಾನು ಮೆಲ್ಲಗೆ ನೆಲಕ್ಕೆ ಇಳಿದೆ. ಗಟ್ಟಿಯಾಗುವ ಮೊದಲೇ ಚಳಿ ಹಿಡಿದು ಅಂಟು ಸುಣ್ಣದ ಪುಡಿಯಂತಾಗಿತ್ತು.

ಇವರು ಓಡಿಬಂದು ಮೊದಲು ನನ್ನ ಸೊಂಟ ಮುಟ್ಟಿ ನೋಡಿದರು, ಆಮೇಲೆ ಸ್ಟೂಲಿನ ಕಾಲನ್ನು. "ನೋವಿದೆಯಾ?"

"ನನಗಿಲ್ಲ. ಅದನ್ನ ಕೇಳಿ."

ಅಂಟು ಹಾಕಿದ ದಿನಗಳಿಗೆ ಒದಗುವ ಇನ್ನೊಂದು ಗುಂಡಿ ಥರ್ಮೋಸ್ಟಾಟ್‌ನಲ್ಲೇ ಇತ್ತು. ಒತ್ತಿದರೆ ಇನ್ನಷ್ಟು ಹೊತ್ತು ಬೆಚ್ಚಗಿಟ್ಟು ಆಮೇಲೆ ತಾನೇ ಬಿಡುತ್ತದೆ. ಆ ಗುಂಡಿಯನ್ನು ಇವರು ಮರೆಯಲಿಲ್ಲ. ಮುಂದಿನ ಬಿಲ್ ಇಳಿಯಿತು, ಅದರ ಮುಂದಿನದು ಇನ್ನೂ ಇಳಿಯಿತು. ಮಗಳಿಗೆ ಫೋನಿನಲ್ಲಿ ತೋರಿಸಿ ಹೆಮ್ಮೆಪಟ್ಟರು.

ನನ್ನ ಬುಧವಾರಗಳು ಮೊದಲು ಸೋಲಿನವೇ. ಬೆತ್ತವನ್ನು ಬಿಸಿನೀರಲ್ಲಿ ನೆನೆಸಿ, ರಂಧ್ರದಿಂದ ರಂಧ್ರಕ್ಕೆ ಎಳೆದು ಕಟ್ಟುವುದು ನೋಡಿದಷ್ಟು ಸುಲಭವಲ್ಲ. ಎಷ್ಟೋ ಸಲ ಬಿಚ್ಚಿದೆ. ಆದರೆ ಚಳಿಯಿಲ್ಲದ ಕೋಣೆಯಲ್ಲಿ ಬೆರಳುಗಳು ನಿಧಾನವಾಗಿ ಮಾತು ಕೇಳತೊಡಗಿದವು. ಹೊರಗೆ ತುಂತುರು, ಒಳಗೆ ನೆನೆದ ಬೆತ್ತದ ವಾಸನೆ. ರೋಗಿಯಿಲ್ಲ, ಫೋನಿಲ್ಲ. ಇವರು ಬಂದರೆ ಬಾಗಿಲು ತಟ್ಟಿ, "ಬರಬಹುದಾ ಡಾಕ್ಟ್ರೇ?" ಎಂದು ಕೇಳಿಯೇ ಒಳಗೆ ಬರುತ್ತಿದ್ದರು. ಕಾಫಿ ಅವರ ಕೈಯಲ್ಲಿರುತ್ತಿತ್ತು. ಸಕ್ಕರೆ ಹೆಚ್ಚಾಗಿರುತ್ತಿತ್ತು, ನಾನು ಹೇಳುತ್ತಿರಲಿಲ್ಲ.

ಮೊದಲ ಕುರ್ಚಿ ಮುಗಿದಾಗ ಅದರ ಮೇಲೆ ಕೂರಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಇವರೇ ಕೂತರು, ಉಸಿರು ಹಿಡಿದು. ಬೆತ್ತ ಸ್ವಲ್ಪ ಕಿರುಗುಟ್ಟಿ ಸುಮ್ಮನಾಯಿತು.

ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ ಇದನ್ನೆಲ್ಲ ನೋಡುತ್ತಲೇ ಇದ್ದಳಂತೆ. ಕಳೆದ ವಾರ ತನ್ನ ಅಜ್ಜಿಯ ತೂಗುಕುರ್ಚಿಯನ್ನು ಎಳೆದುಕೊಂಡು ಬಂದು, ಇದೂ ಆಗುತ್ತದೆಯೇ ಎಂದು ಕೇಳಿದಳು. ಬಾಗಿದ ಬೆನ್ನಿಗೂ ಬೆತ್ತವಿದ್ದ ಕುರ್ಚಿ. ಅಂಥದ್ದನ್ನು ನಾನು ಹೆಣೆದವಳಲ್ಲ. ಆದರೂ ಒಳಗೆ ತರಿಸಿಕೊಂಡೆ. ನಾಳೆ ಅದಕ್ಕೆಂದು ತರಿಸಿದ ಬೆತ್ತ ಬರಲಿದೆ.