ಅಜ್ಜಿಯ ಕನ್ನಡಕ ನೆಟ್ಟಗೆ ಮಾಡಿದ್ದು

ಹದಿನೆಂಟು ವರ್ಷ ಸೈನ್ಯದಲ್ಲಿ ದುರ್ಬೀನು, ತೋಪಿಗೆ ಗುರಿ ಹಿಡಿಯುವ ಗಾಜು ಎಲ್ಲ ರಿಪೇರಿ ಮಾಡಿದವನಿಗೆ ಕನ್ನಡಕ ಯಾವ ಲೆಕ್ಕ ಅಂದುಕೊಂಡೇ ಶಿರಾಳಕೊಪ್ಪದ ಕನ್ನಡಕದ ಅಂಗಡಿಗೆ ಕೆಲಸ ಕೇಳಿಕೊಂಡು ಹೋದೆ. ಮಾಲೀಕ ಇಬ್ರಾಹಿಂ ಸಾಹೇಬರು, "ಒಂದು ದಿನ ಮಾಡಿ ತೋರಿಸ್ರೀ, ಆಮೇಲೆ ನೋಡೋಣ" ಅಂದರು.

ಮೊದಲ ಗಿರಾಕಿ ತಾಳಗುಂದದ ಕುರಿ ಸಾಕುವ ಅಜ್ಜಿ. ಕನ್ನಡಕದ ಸ್ಕ್ರೂ ಸಡಿಲಾಗಿತ್ತು, ಅಷ್ಟೇ. ಆದರೆ ಕಿವಿಗೆ ಸಿಗಿಸುವ ಒಂದು ಕಡ್ಡಿ ಸೊಟ್ಟಗಿರುವುದು ಕಂಡ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಬಿಸಿ ಮಾಡಿ ಬಗ್ಗಿಸಿ, ಗಾಜಿನ ಮೇಜಿನ ಮೇಲಿಟ್ಟೆ. ಎರಡೂ ಕಡ್ಡಿ ಸಮನಾಗಿ ಕೂತವು, ಕೂದಲೆಳೆಯಷ್ಟೂ ಅಲುಗಲಿಲ್ಲ. ಸಾಹೇಬರ ಕಡೆ ಹೆಮ್ಮೆಯಿಂದ ನೋಡಿದೆ.

ಅಜ್ಜಿ ಹಾಕಿಕೊಂಡರು. ಕನ್ನಡಕ ಒಂದು ಕಡೆ ಹುಬ್ಬಿಗೇರಿತು, ಇನ್ನೊಂದು ಕಡೆ ಕೆನ್ನೆಗಿಳಿಯಿತು.

"ತಮ್ಮಾ, ನನ್ನ ಎಡಗಿವಿ ಮೊದಲಿಂದ್ಲೂ ಕೆಳಗೈತಿ. ಕನ್ನಡಕ ನೆಟ್ಟಗ ಮಾಡಿದಿ, ಕಿವಿ ಯಾರು ಎತ್ತಬೇಕು?"

ಸಾಹೇಬರು ನಗು ತಡೆದುಕೊಂಡು, "ಮೇಜು ಕನ್ನಡಕ ಹಾಕ್ಕೊಳ್ಳಲ್ಲ ರೀ" ಅಂದರು. ಮತ್ತೆ ಬಿಸಿ ಮಾಡಿ, ಅಜ್ಜಿಯ ಮುಖ ನೋಡುತ್ತಾ ಮೊದಲಿನಷ್ಟೇ ಸೊಟ್ಟ ಮಾಡಿದೆ. ಕೆಲಸ ಸಿಕ್ಕಿತು.

ಸಂಜೆ ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನನ್ನ ಬಲಗಿವಿಯೂ ತುಸು ಕೆಳಗೇ ಇದೆ. ಹದಿನೆಂಟು ವರ್ಷದ ಪರೇಡಿನಲ್ಲಿ ಅದು ಯಾವ ಸುಬೇದಾರರ ಕಣ್ಣಿಗೂ ಬಿದ್ದಿರಲಿಲ್ಲ.