ಕಾಕಿಯ ರುಕಾವಟ್

ಟ್ರಂಕಿನ ತಳದಿಂದ ಟಿ.ವಿ. ಹೊದಿಕೆ ತೆಗೆದಾಗ ಮೊದಲು ಡಾಂಬರ ಗುಳಿಗೆಯ ವಾಸನೆ, ಅದರ ಹಿಂದೆಯೇ ವಿಭೂತಿಯ ವಾಸನೆ… ಬಿಳಿ ದಾರದಲ್ಲಿ ಹೆಣೆದ ಹೊದಿಕೆ. ಒಂದು ಮೂಲೆಯಲ್ಲಿ ಚಹಾದ ಕಲೆ ಇನ್ನೂ ಇದೆ.

ಅದು ಅಫಜಲಪುರದ ನಮ್ಮ ಓಣಿಯ ಕಾಕಿಯದು. ಸಂಬಂಧವೇನೂ ಇರಲಿಲ್ಲ, ಎದುರು ಮನೆಯವರು, ಅಷ್ಟೇ. ಎಂಬತ್ತರ ದಶಕದ ಕೊನೆಗೆ ಓಣಿಗೆಲ್ಲ ಟಿ.ವಿ. ಇದ್ದದ್ದು ಅವರೊಬ್ಬರ ಮನೆಯಲ್ಲಿ. ಆಗ ನನಗೆ ಹತ್ತು ವರ್ಷ, ತಂಗಿಗೆ ನಾಲ್ಕು. ತಂಗಿ ಇನ್ನೂ ಒಂದು ಮಾತೂ ಆಡಿರಲಿಲ್ಲ. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಓಣಿಯವರು ಆಗಲೇ ಮೂಗಿ ಎನ್ನತೊಡಗಿದ್ದರು. ಟಿ.ವಿ. ನೋಡಿದರೆ ಮಾತು ಬಂದೀತು ಎಂದು ಯಾರೋ ಹೇಳಿದ್ದಕ್ಕೆ ಅವ್ವ ದಿನಾ ಸಂಜೆ ಅವಳನ್ನು ಕಾಕಿಯ ಮನೆಯಲ್ಲಿ ಕೂಡಿಸಿ ಬರುತ್ತಿದ್ದಳು.

ಕಾಕಿ ನಕ್ಕಿದ್ದರು. “ಆ ಡಬ್ಬಿಗಿ ಹೇಳೂದಷ್ಟೇ ಗೊತ್ತದವ್ವ. ಕೇಳೂದು ನಾವೇ ಕೇಳಬೇಕು.”

ಪ್ರಸಾರ ಆಗಾಗ ನಿಲ್ಲುತ್ತಿತ್ತು. ಅಡಚಣೆಗೆ ವಿಷಾದ ಹೇಳುವ ಹಿಂದಿ ಫಲಕ ಬಂದರೆ ನಾವೆಲ್ಲ “ರುಕಾವಟ್” ಎಂದು ಕೂಗುತ್ತಿದ್ದೆವು. ಆಗ ಕಾಕಿ ಅಲ್ಲಿಯವರೆಗೆ ನೋಡಿದ ಕತೆಯ ಬಗ್ಗೆ ಒಬ್ಬೊಬ್ಬರನ್ನೇ ಕೇಳುವರು: ಆನೆ ಯಾಕೆ ಓಡಿತು, ಮುಂದೇನಾದೀತು. ಬರಬರುತ್ತ, ಪ್ರಸಾರ ನಿಲ್ಲದಿದ್ದರೂ ಸರಿಯಾದ ಹೊತ್ತಿಗೇ ಈ ಹೊದಿಕೆಯನ್ನು ಪರದೆಯ ಮೇಲೆ ಇಳಿಬಿಟ್ಟು ತಾವೇ “ರುಕಾವಟ್” ಎನ್ನತೊಡಗಿದರು. ಕರೆಂಟಿಗಿಂತ ನಿಮ್ಮದೇ ಕಾಟ ಹೆಚ್ಚಾಯಿತು ಎಂದು ನಾನೊಮ್ಮೆ ಅಂದುಬಿಟ್ಟಿದ್ದೆ. ತಂಗಿಯ ಸರದಿ ಬಂದಾಗ ಮಾತ್ರ ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ಬಹಳ ಹೊತ್ತು… ಅವಳ ಬದಲು ನಮಗೆ ಹೇಳಗೊಡುತ್ತಿರಲಿಲ್ಲ.

ಒಂದು ಸಂಜೆ ಅವ್ವ ಅಳುತ್ತ ಕಾಕಿಯ ಮನೆಗೆ ಬಂದಳು. ಮಾತು ಬಂದ ಮೇಲೆ ಕರೆತನ್ನಿ ಎಂದು ತಂಗಿಯನ್ನು ಬಾಲವಾಡಿಯಿಂದ ತಿರುಗಿ ಕಳಿಸಿದ್ದರು. ಕಾಕಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ಚಹಾದ ಕಪ್ಪು ಹಿಡಿದು ಸುಮ್ಮನೆ ಕುಳಿತರು. ಟಿ.ವಿ. ಇನ್ನೂ ಹಚ್ಚಿರಲಿಲ್ಲ. ತಂಗಿ ಎದ್ದು ಅದರ ಹೊದಿಕೆ ಎಳೆದು ತಂದು, ಕಾಕಿಯ ತಲೆಯ ಮೇಲೆ ಹಾಕಿ, “ರುಕಾವಟ್” ಅಂದಳು.

ಚಹಾ ಚೆಲ್ಲಿತು. ಬಂದದ್ದು ಒಂದೇ ಮಾತು, ಅದೂ ಕನ್ನಡ ಅಲ್ಲವಲ್ಲ ಎಂದು ಅವ್ವ ಇನ್ನಷ್ಟು ಅತ್ತಳು.

“ಸುಮ್ಮನಿರಬೇ,” ಕಾಕಿ ಹೊದಿಕೆಯೊಳಗಿಂದಲೇ ಅಂದರು. “ಆಕಿ ನನಗ ‘ನೀ ಹೇಳು’ ಅಂದಾಳ.” ಆನೆಯ ಕತೆ ಶುರು ಮಾಡಿದರು.

ತಂಗಿಗೆ ಆ ಪದದ ಅರ್ಥ ಅದೇ ಆಗಿತ್ತು. ಪದ ಟಿ.ವಿ.ಯದು, ಅರ್ಥ ಕಾಕಿಯ ಮುಖ ನೋಡಿ ಕಲಿತದ್ದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮರುವರ್ಷ ಅದೇ ಬಾಲವಾಡಿಯಿಂದ, ಇವಳ ಬಾಯಿ ನಿಲ್ಲುವುದಿಲ್ಲ ಎಂದು ದೂರು ಬಂತು. ಈಗ ತನ್ನ ಮಗಳು ಮೊಬೈಲು ಹಿಡಿದು ಕೂತಾಗ ತಂಗಿ ಪರದೆಗೆ ಅಂಗೈ ಅಡ್ಡ ಹಿಡಿಯುತ್ತಾಳೆ. ಮಗು ಮುನಿಸಿಕೊಳ್ಳುತ್ತದೆ, ಆಮೇಲೆ ಹೇಳುತ್ತದೆ.

ಹೋದ ತಿಂಗಳು ಕಾಕಿ ತೀರಿಕೊಂಡರು. ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ತಂಗಿ ಎದುರಿಗೆ ಕುಳಿತು, ಮೆಲ್ಲಗೆ, “ರುಕಾವಟ್, ಕಾಕಿ” ಅಂದಳು. ಆ ಮುಖವನ್ನೇ ನೋಡುತ್ತ ಕಾದಳು. ಬಹಳ ಹೊತ್ತು…

ಅವರ ಬದಲು ನಾವು ಯಾರೂ ಹೇಳಲಿಲ್ಲ.